ಪುರಸಭೆಯ ವ್ಯಾನಿಗೆ ಸಿಂಹ ಬರೆಸಿದ್ದು

ನಮ್ಮೂರಿನಲ್ಲಿ ಗಾಡಿ ಕೊಳ್ಳುವವರು ಎಂಜಿನ್ನಿನ ಸದ್ದು ಕೇಳುವುದಿಲ್ಲ, ಟೈರು ಒತ್ತಿ ನೋಡುವುದಿಲ್ಲ. ಬಾಗಿಲ ಮೇಲೆ ಏನು ಬರೆಸಬೇಕು ಎಂದು ಮನೆಮಂದಿಯೆಲ್ಲ ಕೂತು ತಲೆ ಕೆಡಿಸಿಕೊಳ್ಳುತ್ತಾರೆ. ಯಾಕೆಂದರೆ ಬರೆಸಿದ್ದೇ ಗಾಡಿಯ ಗುಣವಾಗುತ್ತದೆ. ಆನೆ ಬರೆಸಿದ ಟ್ರ್ಯಾಕ್ಟರು ಎಷ್ಟು ಹೇರಿದರೂ ಎಳೆಯುತ್ತದೆ, ಆದರೆ ಕಬ್ಬಿನ ಗದ್ದೆ ಕಂಡರೆ ಅಲ್ಲಿಂದ ಕದಲಿಸಲು ಊರೇ ಬರಬೇಕು. ಹಾಲಿನ ಸೊಸೈಟಿಯವರು ಚೆಂದ ಕಾಣಲಿ ಅಂತ ತಮ್ಮ ವ್ಯಾನಿಗೆ ಹಂಸ ಬರೆಸಿದರು. ಅದು ದಾರಿಯಲ್ಲೇ ಹಾಲನ್ನೆಲ್ಲ ಹೀರಿಕೊಂಡು ನೀರನ್ನು ಮಾತ್ರ ಕ್ಯಾನಿನಲ್ಲಿ ಉಳಿಸಿತು. ಉಳಿದ ನೀರು ಎಷ್ಟಿತ್ತು ಎಂದು ಊರವರು ನೋಡುವ ಮೊದಲೇ ಸೊಸೈಟಿಯವರು ಹಂಸವನ್ನು ಅಳಿಸಿ ಹಸು ಬರೆಸಿಬಿಟ್ಟರು. ಡಾಕ್ಟರ ಸ್ಕೂಟರಿಗೆ ಅವರ ಹೆಂಡತಿ ಹಟ ಹಿಡಿದು ಆಮೆ ಬರೆಸಿದ್ದಾರೆ. ಅವರು ತಲುಪುವಷ್ಟರಲ್ಲಿ ಕಾಯಿಲೆಯವನು ಒಂದೋ ಎದ್ದು ಗದ್ದೆಗೆ ಹೋಗಿರುತ್ತಾನೆ, ಇಲ್ಲವೇ ಡಾಕ್ಟರ ಕೈಮೀರಿ ಹೋಗಿರುತ್ತಾನೆ. ಎರಡರಲ್ಲಿ ಏನಾದರೂ ಅವರ ಹೆಸರಂತೂ ಕೆಡುವುದಿಲ್ಲ. ಪೊಲೀಸ್ ಜೀಪಿಗೆ ಇಲಾಖೆಯ ನಕ್ಷತ್ರ. ಹಾಗಾಗಿ ಅದು ಕತ್ತಲಾದ ಮೇಲಷ್ಟೇ ಕಾಣುತ್ತದೆ, ಅದೂ ಬಲು ದೂರದಲ್ಲಿ.

ಹೊರಗಿನವರಿಗೆ ಇದು ವಿಚಿತ್ರ ಅನ್ನಿಸಬಹುದು. ಗಾಡಿ ಗಾಡಿಯಂತೆ ಮಾತ್ರ ಇರುವ ಊರುಗಳೂ ಇವೆಯಂತೆ, ಅಲ್ಲಿ ಜನ ಹೇಗೆ ಕಾಲ ಕಳೆಯುತ್ತಾರೋ ನಮಗೆ ತಿಳಿಯದು.

ನಾನು ಚೌಡಪ್ಪ, ಪುರಸಭೆಯ ಹಳೇ ವ್ಯಾನಿನ ಡ್ರೈವರು. ನಾನು ಕೆಲಸಕ್ಕೆ ಸೇರುವ ಮೊದಲೇ ಅದು ಯಾರಿಂದಲೋ ಯಾರಿಗೋ ಕೈ ಬದಲಾಯಿಸಿಕೊಂಡು ನಮ್ಮೂರಿಗೆ ಬಂದಿತ್ತು. ಬೆಳಿಗ್ಗೆ ಸುತ್ತಲಿನ ಹಟ್ಟಿಗಳ ಮಕ್ಕಳನ್ನು ಶಾಲೆಗೆ ತರುವುದು, ಹಗಲು ಹೊತ್ತು ಕಾಯಿಲೆಯವರನ್ನೂ ಬಸುರಿಯರನ್ನೂ ಕೆಂಪುದಿಬ್ಬದಾಚೆಯ ದೊಡ್ಡಾಸ್ಪತ್ರೆಗೆ ಮುಟ್ಟಿಸುವುದು, ಸಂಜೆ ಮಕ್ಕಳನ್ನು ವಾಪಸ್ ಬಿಡುವುದು, ಇಷ್ಟು ಅದರ ಕೆಲಸ. ಎರಡೂ ಬಾಗಿಲ ಮೇಲೆ ಒಂದು ಹಕ್ಕಿಯ ಲಾಂಛನವಿತ್ತು. ಬಿಸಿಲು, ಧೂಳು, ನನ್ನ ಒರೆಸುವ ಬಟ್ಟೆ ಮೂರೂ ಸೇರಿ ಅದನ್ನು ತಿಂದುಹಾಕಿದ್ದವು. ಉಳಿದದ್ದು ಎರಡು ಕಾಲುಗುರು, ಒಂಚೂರು ಬಾಲದ ಗರಿ, ತಲೆಯ ಜಾಗದಲ್ಲೊಂದು ಕೆಂಪು ಕಲೆ. ಅದು ಗರುಡ ಎಂದು ಊರಿಗೆ ಊರೇ ನಂಬಿತ್ತು. ಪುರಸಭೆಯ ಗಾಡಿಯ ಮೇಲೆ ಇನ್ನೇನು ಇದ್ದೀತು?

ಬಲು ಶಿಸ್ತಿನ ಗಾಡಿ. ಬೆಳಕು ಹರಿಯುವ ಮೊದಲೇ ಶೆಡ್ಡಿನಲ್ಲಿ ಗುರುಗುಟ್ಟಿ ನನ್ನನ್ನು ಎಬ್ಬಿಸುತ್ತಿತ್ತು. ಹಟ್ಟಿಯ ಮಕ್ಕಳೆಲ್ಲ ಹತ್ತಿದರಾ ಎಂದು ನಾನು ನೋಡಬೇಕಾಗಿರಲಿಲ್ಲ, ಒಂದು ಮಗು ಹಿಂದೆ ಬಿದ್ದರೂ ಅದು ಜಗ್ಗುತ್ತಿರಲಿಲ್ಲ. ರಸ್ತೆಯ ಮೇಲೆ ಯಾರಾದರೂ ಜೋಳ ಒಣಹಾಕಿದ್ದರೆ ನಿಂತು, ಮುಂದಿನ ಚಕ್ರದಿಂದ ಒಂದಷ್ಟು ಕೆದಕಿ, ಆಮೇಲೆ ಹೊರಡುತ್ತಿತ್ತು. ರೈತರ ಬೆಳೆಯ ಮೇಲೆ ಪುರಸಭೆಗೆ ಎಂಥ ಕಾಳಜಿ ಎಂದು ಜನ ಮೆಚ್ಚಿಕೊಳ್ಳುತ್ತಿದ್ದರು. ಹೊತ್ತು ಮುಳುಗಿದರೆ ಮುಗಿಯಿತು, ಯಾರ ಮಾತೂ ಕೇಳದೆ ಶೆಡ್ಡಿಗೆ. ಆಫೀಸು ವೇಳೆ ಮೀರಿ ಕೆಲಸ ಮಾಡದ್ದರಿಂದ ಅದು ಅಪ್ಪಟ ಸರಕಾರಿ ಗಾಡಿಯೇ ಎಂದು ನಾವೆಲ್ಲ ಒಪ್ಪಿಕೊಂಡಿದ್ದೆವು. ಗರುಡ ಯಾಕೆ ಜೋಳ ಕೆದಕುತ್ತದೆ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಗರುಡನ ಡ್ರೈವರು ಅನ್ನಿಸಿಕೊಳ್ಳುವುದು ಯಾರಿಗೆ ಬೇಡ?

ಆದರೆ ಚಿತ್ರ ಮಾಸುತ್ತ ಬಂದಂತೆ ಗಾಡಿಗೆ ಮರೆವು ಶುರುವಾಯಿತು. ಅಡುಗೆಮನೆಗೆ ಏನೋ ತರಲು ಹೋದ ಮುದುಕಿ ಯಾಕೆ ಬಂದೆ ಅಂತ ನಿಂತುಬಿಡುತ್ತಾಳಲ್ಲ, ಹಾಗೆ ನಡುರಸ್ತೆಯಲ್ಲಿ ನಿಂತುಬಿಡುವುದು. ಎಂಜಿನ್ನು ಆಡುತ್ತಲೇ ಇರುತ್ತದೆ, ಪೆಟ್ರೋಲಿದೆ, ಗಾಳಿಯಿದೆ. ಎಲ್ಲಿಗೆ, ಯಾಕೆ ಅನ್ನುವುದು ಮಾತ್ರ ಅದಕ್ಕೆ ಹೊಳೆಯದು. ಒಮ್ಮೆ ಜ್ವರದ ಮಗುವನ್ನು ಹೊತ್ತು ಹೊರಟಿದ್ದಾಗ ದಿಬ್ಬದ ಬುಡದಲ್ಲಿ ನಿಂತಿತು. ನಾನು ಇಳಿದು ಬಾನೆಟ್ಟು ನೇವರಿಸಿ, "ಆಸ್ಪತ್ರೆಗೆ ಕಣವ್ವ, ಆಸ್ಪತ್ರೆಗೆ" ಎಂದು ಸಮಾಧಾನ ಮಾಡಿದ ಮೇಲೆ ಅಂತೂ ಹೊರಟಿತು. ಇನ್ನು ತಡ ಮಾಡಬಾರದು, ಲಾಂಛನಕ್ಕೆ ಬಣ್ಣ ಬಳಿಸಿ ಎಂದು ಹೋಗಿ ಅಧ್ಯಕ್ಷರಿಗೆ ಹೇಳಿದೆ.

ಅಧ್ಯಕ್ಷರೆಂದರೆ ಗುರುಶಾಂತಪ್ಪನವರು. ಗಂಜಿ ಹಾಕಿದ ಪಂಚೆ, ಹೆಗಲ ಮೇಲೆ ಜರಿಯಂಚಿನ ಶಾಲು, ಎರಡೂ ಕಡೆ ಮೇಲಕ್ಕೆ ತಿರುವಿದ ಮೀಸೆ. ಬೀದಿ ನಲ್ಲಿ ಉದ್ಘಾಟಿಸಲು ನಿಂತರೂ ಅವರ ಭಾಷಣ ಮುಗಿಯುವಷ್ಟರಲ್ಲಿ ನೀರು ನಿಂತುಹೋಗಿರುತ್ತಿತ್ತು. ಮಾಸಿದ ಚಿತ್ರಕ್ಕೆ ಬಣ್ಣ ಬಳಿಯುವಂಥ ಸಣ್ಣ ಕೆಲಸ ಅವರಿಗೆ ಒಗ್ಗುವುದಿಲ್ಲ. ಅದಕ್ಕೆ ಸಭೆ ಕರೆದರು.

ಸಭೆಯಲ್ಲಿ ನಿವೃತ್ತ ಇತಿಹಾಸ ಲೆಕ್ಚರರ್ ವಾಮನಾಚಾರ್ರು ಆ ಕಾಲುಗುರುಗಳ ಮೇಲೆ ಬಹಳ ಹೊತ್ತು ಮಾತಾಡಿ ಅದು ಗರುಡವೇ ಎಂದು ಸಾಧಿಸಿದರು. ವಿರೋಧ ಪಕ್ಷದ ಕೆಂಚಪ್ಪನವರು ಗರುಡ ಅಲ್ಲವೇ ಅಲ್ಲ, ರಾಜಹಂಸ ಅಂದರು. ಅವರಿಗೆ ಹಂಸದ ಮೇಲೆ ಪ್ರೀತಿ ಏನೂ ಇರಲಿಲ್ಲ, ಅಧ್ಯಕ್ಷರು ಗರುಡಕ್ಕೆ ತಲೆ ಆಡಿಸಿದ್ದನ್ನು ನೋಡಿದ್ದರು ಅಷ್ಟೆ. ಇಬ್ಬರೂ ಎದ್ದು ನಿಂತು ಮೇಜು ಗುದ್ದತೊಡಗಿದಾಗ ಗುರುಶಾಂತಪ್ಪನವರು ಕೈ ಎತ್ತಿ, "ಹಕ್ಕಿ ಪುಕ್ಕ ಎಲ್ಲ ಸಾಕು. ನಮ್ಮೂರ ಘನತೆಗೆ ತಕ್ಕದ್ದು ಅಂದ್ರೆ ಸಿಂಹ. ಸಿಂಹಾನೇ ಬರೆಸೋಣ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಕೆಂಚಪ್ಪನವರೂ ತಟ್ಟಿದರು, ಅವರಿಗೆ ಸಿಂಹ ಬಂದರೆ ಏನಾಗುತ್ತದೆಂದು ಅಂದಾಜಿತ್ತು ಅಂತ ಕಾಣುತ್ತದೆ. ಬಾಗಿಲಲ್ಲಿ ನಿಂತಿದ್ದ ನನ್ನನ್ನು ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೆ ನಾನೂ ಗರುಡ ಅಂತಲೇ ಬಡಕೊಳ್ಳುತ್ತಿದ್ದೆ.

ಪೇಂಟರ್ ಮೌಲಾಲಿ ನನ್ನ ಹಳೇ ಸ್ನೇಹಿತ. ಊರಿನ ಗಾಡಿಗಳ ಗುಣದೋಷಗಳೆಲ್ಲ ಅವನ ಕುಂಚದಿಂದಲೇ ಬಂದವು. ತಾನೊಬ್ಬ ದೊಡ್ಡ ಕಲಾವಿದ, ಈ ಊರು ತನ್ನನ್ನು ಬಾಗಿಲುಗಳಲ್ಲಿ ಹಾಳು ಮಾಡಿತು ಅನ್ನುವುದು ಅವನ ಕೊರಗು. ಬಣ್ಣದ ಡಬ್ಬಿಗಳನ್ನು ಜೋಡಿಸಿಕೊಳ್ಳುತ್ತಿದ್ದವನಿಗೆ ಹೇಳಿನೋಡಿದೆ.

"ಮೌಲಣ್ಣ, ಮಕ್ಕಳು ಕೂರೋ ಗಾಡಿ ಇದು. ಸಿಂಹ ಬರೆದ್ರೆ ಹೆಂಗೆ?"

"ನೀನು ಓಡ್ಸೋನು, ನಾನು ಬರಿಯೋನು, ಅವರು ಹೇಳೋರು," ಅಂದ. "ಇಷ್ಟು ವರ್ಷದಾಗೆ ಒಬ್ಬನಾದ್ರೂ ನನ್ನ ಕೈಲಿ ಸಿಂಹ ಬರೆಸಿದ್ನಾ? ಬರೀ ಎತ್ತು, ಆಮೆ, ಎತ್ತು, ಆಮೆ. ಬಿಡು, ಒಂದ್ಸಲ ಕೈ ತುಂಬಾ ಕೇಸರ ಬರಿಯಾನ."

ಬರೆದ. ನಿಜ ಹೇಳಬೇಕು, ಕಣ್ಣು ಕೀಳಲಾಗದಂಥ ಸಿಂಹ. ಹಳೇ ಉಗುರು, ಗರಿ, ಕೆಂಪು ಕಲೆ ಎಲ್ಲವೂ ಹಳದಿ ಕೇಸರದಡಿಯಲ್ಲಿ ಮುಚ್ಚಿಹೋದವು. ಸಾಲದ್ದಕ್ಕೆ ಅಧ್ಯಕ್ಷರು ಪ್ರಸನ್ನರಾಗಲಿ ಎಂದು ಸಿಂಹದ ಮೀಸೆಯನ್ನು ಎರಡೂ ಕಡೆ ಮೇಲಕ್ಕೆ ತಿರುವಿಬಿಟ್ಟ. ಗುರುಶಾಂತಪ್ಪನವರು ಬಂದು ನೋಡಿದರು. ಸ್ವಲ್ಪ ಹೊತ್ತು ನೋಡಿ ತಮ್ಮ ಮೀಸೆ ಮುಟ್ಟಿಕೊಂಡರು. "ಕಲೆ ಅಂದ್ರೆ ಇದು" ಎಂದು ಶಾಲು ಸರಿಪಡಿಸಿಕೊಂಡು ಹೊರಟರು.

ಮಾರನೆಯ ಬೆಳಿಗ್ಗೆ ನನ್ನನ್ನು ಯಾರೂ ಎಬ್ಬಿಸಲಿಲ್ಲ. ಶೆಡ್ಡಿಗೆ ಹೋದರೆ ಗಾಡಿಯಿಲ್ಲ. ಪುರಸಭೆಯ ಮುಂದಿನ ಹುಣಸೆಮರದ ಕೆಳಗೆ, ಇದ್ದುದರಲ್ಲೇ ಒಳ್ಳೆಯ ನೆರಳು ಹಿಡಿದು, ಮುಂದಿನ ಚಕ್ರಗಳನ್ನು ಚಾಚಿ ಮಲಗಿತ್ತು. ಹತ್ತಿರ ಹೋಗಿ ಬಾಗಿಲಿಗೆ ಕೈ ಹಾಕಿದೆ. ಎಂಜಿನ್ನಿನ ಆಳದಿಂದ ಒಂದು ಗುಡುಗು ಬಂತು. ನಾನು ಕೈ ತೆಗೆದೆ. ಅಂದಿನಿಂದ ಅದು ಮಧ್ಯಾಹ್ನದವರೆಗೂ ಮಲಗುವುದು, ಎದ್ದು ಒಮ್ಮೆ ಆಕಳಿಸುವುದು, ಊರು ನಡುಗುವಂತೆ ಹಾರ್ನು ಹೊಡೆಯುವುದು, ಮತ್ತೆ ಮಗ್ಗುಲು ಬದಲಾಯಿಸುವುದು. ಪೆಟ್ರೋಲನ್ನು ಮಾತ್ರ ನಾವೇ ಹೊತ್ತು ತಂದು ಮುಂದಿಡಬೇಕು, ಅದೂ ಉಳಿದ ಗಾಡಿಗಳಿಗಿಂತ ಮೊದಲು. ಮಕ್ಕಳು ಶಾಲೆಗೆ ನಡೆದೇ ಬರತೊಡಗಿದರು. ಕಾಯಿಲೆಯವರು ಎತ್ತಿನ ಗಾಡಿಯಲ್ಲಿ ದಿಬ್ಬ ಹತ್ತತೊಡಗಿದರು. ಸಭೆಯಲ್ಲಿ ಈ ಮಾತು ಬಂದಾಗ ಗುರುಶಾಂತಪ್ಪನವರು, "ಓಡಾಟ ಸ್ವಲ್ಪ ಕಮ್ಮಿ ಆಗಿರಬಹುದು, ಗಾಂಭೀರ್ಯ ಎಷ್ಟು ಹೆಚ್ಚಿದೆ ನೋಡಿ" ಎಂದು ಉತ್ತರ ಕೊಟ್ಟರು. ಜನವೂ ನಿಧಾನಕ್ಕೆ ಹೊಂದಿಕೊಂಡರು. ಹುಣಸೆಮರದ ಬಳಿ ಚಪ್ಪಲಿ ಸದ್ದಾಗದಂತೆ ನಡೆಯುವುದನ್ನು ಕಲಿತರು. ಪರವೂರ ನೆಂಟರಿಗೆ ದೂರದಿಂದಲೇ ತೋರಿಸಿ ಹೆಮ್ಮೆಪಟ್ಟರು. ಉಪಯೋಗಕ್ಕೆ ಬಾರದ್ದರ ಮುಂದೆ ಕೈ ಕಟ್ಟಿ ನಿಲ್ಲುವ ಅಭ್ಯಾಸ ನಮ್ಮ ಜನಕ್ಕೆ ಮೊದಲಿನಿಂದಲೂ ಇದೆ.

ಹೀಗಿರುವಾಗ ಗುರುಶಾಂತಪ್ಪನವರ ಮಗಳು ಅಂಬುಜಾ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಳು. ಒಬ್ಬಳೇ ಮಗಳು. ತಾಯಿ ಅವಳು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದರು. ಶಾಲೆಗೆ ಹೋಗುವಾಗ ದಿನಾ ನನ್ನ ವ್ಯಾನಿನಲ್ಲೇ, ನನ್ನ ಹಿಂದಿನ ಸೀಟಿನಲ್ಲೇ ಕೂತು ಬರುತ್ತಿದ್ದವಳು. ಬಂದ ದಿನ ಹುಣಸೆಮರದ ಬಳಿ ಕಾರು ನಿಲ್ಲಿಸಿ ಸಿಂಹವನ್ನು ನೋಡಿದಳು, ನನ್ನನ್ನು ನೋಡಿದಳು. "ಏನ್ ಮಾಡಿಟ್ರಿ ಚೌಡಣ್ಣ ಇದಕ್ಕೆ?" ಅಂದಳು. ನಾನು ಹೆಗಲ ಮೇಲಿನ ಒರೆಸುವ ಬಟ್ಟೆ ಕೊಡವತೊಡಗಿದೆ.

ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಅವಳಿಗೆ ನೋವು ಕಾಣಿಸಿತು. ನರ್ಸ್ ಸುಂದ್ರಾಬಾಯಿ ಬಂದು ನೋಡಿದರು. ಊರಿನ ಅರ್ಧ ಜನರನ್ನು ಕೈಯಾರೆ ಭೂಮಿಗೆ ಇಳಿಸಿದ ಹೆಂಗಸು, ಸುಮ್ಮಸುಮ್ಮನೆ ಹೆದರಿಸುವವರಲ್ಲ. ಹೊರಗೆ ಬಂದು, "ಮಗು ಕಾಲು ಮುಂದೆ ಮಾಡಿದೆ. ದೊಡ್ಡಾಸ್ಪತ್ರೆಗೆ ಕರಕೊಂಡು ಹೋಗ್ಲೇಬೇಕು. ಈಗಲೇ" ಎಂದರು. ಗುರುಶಾಂತಪ್ಪನವರು ತಮ್ಮ ಕಾರು ತೆಗೆಸಿದರು. ಅದಕ್ಕೆ ಅವರು ಅಕ್ಕರೆಯಿಂದ ನವಿಲು ಬರೆಸಿದ್ದರು. ಗೇಟು ದಾಟುತ್ತಲೇ ಪಡುವಣದಲ್ಲಿ ಒಂದು ತುಂಡು ಕರಿಮೋಡ ಕಂಡಿತು. ಕಾರು ಅಲ್ಲೇ ನಿಂತು, ನಾಲ್ಕೂ ಬಾಗಿಲು ಬಿಚ್ಚಿ, ಮೆಲ್ಲಗೆ ಗಿರಗಿರ ತಿರುಗತೊಡಗಿತು. ಒದ್ದರು, ಬೈದರು, ಅದು ಕುಣಿಯುವುದನ್ನು ನಿಲ್ಲಿಸಲಿಲ್ಲ. ಕಲ್ಯಾಣ ಮಂಟಪದ ಕಾರು ಪರವೂರಿಗೆ ದಿಬ್ಬಣ ಹೋಗಿತ್ತು. ಡಾಕ್ಟರ ಸ್ಕೂಟರಿನ ವಿಷಯ ಯಾರೂ ಎತ್ತಲಿಲ್ಲ. ಕೊನೆಗೆ ಅಂಬುಜಾಳನ್ನು ಹೊರಸಿನ ಮೇಲೆ ಮಲಗಿಸಿಕೊಂಡು ಹುಣಸೆಮರದ ಹತ್ತಿರ ತಂದರು.

ಗುರುಶಾಂತಪ್ಪನವರು ಗಾಡಿಯ ಎದುರು ಹೋಗಿ ನಿಂತು, "ಏಳು" ಅಂದರು. ಗಾಡಿ ಒಂದು ಹೆಡ್‌ಲೈಟು ತೆರೆದು ನೋಡಿತು. "ಏಳು ಅಂತ ಹೇಳ್ತಿದ್ದೀನಿ!" ಅದು ಬಾನೆಟ್ಟನ್ನು ಅಗಲವಾಗಿ ತೆರೆದು ಆಕಳಿಸಿ, ಮುಚ್ಚಿಕೊಂಡಿತು. ಅಧ್ಯಕ್ಷರ ಮಾತನ್ನು ಅವರ ಮುಖದೆದುರೇ ತಳ್ಳಿಹಾಕಿದ ಪುರಸಭೆಯ ಮೊದಲ ನೌಕರ ಅದೇ. ಅವರ ಕುತ್ತಿಗೆಯ ಮೇಲೆ ಬೆವರು ಇಳಿಯುವುದು ನನಗೆ ಕಂಡಿತು.

ಯಾರೋ ಓಡಿಹೋಗಿ ಮೌಲಾಲಿಯನ್ನು ಡಬ್ಬಿ ಸಮೇತ ಎಳೆದು ತಂದರು.

"ಬೇರೆ ಏನಾದ್ರೂ ಬರಿ ಮಾರಾಯ!" ಎಂದರು ಗುರುಶಾಂತಪ್ಪನವರು.

"ಏನಾದ್ರೂ ಅಂದ್ರೆ ಏನು ಬರೀಲಿ ಯಜಮಾನ್ರೆ? ಕುದುರೆ ಅಂದ್ರೆ ನಾಕು ಕಾಲು ಬರೆಯೋದ್ರಲ್ಲೇ ಕತ್ತಲಾಗ್ತದೆ. ಎತ್ತು ಬರೆದ್ರೆ ನಾಳಿಕೆ ಮುಟ್ತೀರಿ."

"ಗರುಡ ಬರೀರಿ, ಮೊದಲು ಇದ್ದದ್ದೇ ಗರುಡ," ಎಂದರು ಗುಂಪಿನಲ್ಲಿದ್ದ ವಾಮನಾಚಾರ್ರು.

"ಗರುಡ ಬಸುರೀನ ಎತ್ಕೊಂಡು ಹಾರಿಬಿಟ್ರೆ ಇಳಿಸೋರು ಯಾರ್ರಿ, ನೀವಾ?" ಎಂದು ಸುಂದ್ರಾಬಾಯಿ ರೇಗಿದರು.

ಆಗ ಹೊರಸಿನ ಮೇಲಿಂದ ಅಂಬುಜಾ ಹಲ್ಲು ಕಚ್ಚಿಕೊಂಡೇ, "ಕೋಳಿ ಬರೀರಿ" ಅಂದಳು.

ನೋವಿಗೆ ಏನೋ ಬಡಬಡಿಸುತ್ತಿದ್ದಾಳೆ ಅಂದುಕೊಂಡೆವು.

"ಅದು ಯಾವತ್ತೂ ಕೋಳೀನೇ ಆಗಿತ್ತು," ಅಂದಳು. "ವ್ಯಾನಲ್ಲಿ ಬರ್ತಿದ್ದ ಮಕ್ಕಳಿಗೆಲ್ಲ ಗೊತ್ತಿತ್ತು. ನಾವು ಅದನ್ನ ಕೋಳಮ್ಮ ಅಂತಾನೇ ಕರೀತಿದ್ವಿ. ನೀವ್ಯಾರೂ ಕೇಳ್ಲಿಲ್ಲ, ನಾವೂ ಹೇಳ್ಲಿಲ್ಲ." ಒಂದು ನೋವು ಬಂದು ಹೋಗುವ ತನಕ ಹೊರಸಿನ ಅಂಚು ಹಿಡಿದುಕೊಂಡಿದ್ದು ಅಪ್ಪನ ಕಡೆ ತಿರುಗಿದಳು. "ಅಮ್ಮ ತೀರ್ಕೊಂಡ ವರ್ಷ ನಾನು ಸ್ಕೂಲ್ ಗೇಟಿನ ಹತ್ರ ಅಳ್ತಾ ಕೂತಿರ್ತಿದ್ದೆ ಅಪ್ಪಾಜಿ. ನೀವು ಮೀಟಿಂಗಲ್ಲಿ ಇರ್ತಿದ್ರಿ. ನಾನು ಹತ್ತೋ ತನಕ ಅದು ಹೋಗ್ತಿರ್ಲಿಲ್ಲ. ಒಳಗೆ ಬೆಚ್ಚಗಿರೋದು. ಕೋಳಿ ಬರೆಸಿ."

ಅವಳು ಹೇಳಿದ ಮೇಲೆ ಎಲ್ಲ ನನ್ನ ಕಣ್ಣ ಮುಂದೆ ಬಂತು. ಜೋಳ, ಮಕ್ಕಳು, ಹೊತ್ತು ಮುಳುಗುತ್ತಲೇ ಶೆಡ್ಡು. ಇಷ್ಟು ಕಾಲ ಅದರ ಹೊಟ್ಟೆಯಲ್ಲೇ ಕೂತು ಓಡಿಸಿದವನು ನಾನು. ವಾಮನಾಚಾರ್ರು ಕೆಮ್ಮಿ, ಗರುಡವೂ ಕೋಳಿಯೂ ಹಕ್ಕಿಗಳೇ ಆದ್ದರಿಂದ ತಾವು ಹೇಳಿದ್ದು ಪೂರ್ತಿ ತಪ್ಪಲ್ಲ ಎಂದು ಶುರುಮಾಡಿದರು. ಯಾರೂ ಅವರತ್ತ ತಿರುಗಲಿಲ್ಲ.

ಸಿಂಹವಿರುವಷ್ಟು ಹೊತ್ತು ಕೋಳಿ ಬರೆಯುವಂತಿಲ್ಲ. ಮೊದಲು ಅದನ್ನು ಅಳಿಸಬೇಕು. ಬಟ್ಟೆ ಹಿಡಿದು ಮುಂದೆ ಹೋದ ಮೌಲಾಲಿ ಗುಡುಗು ಕೇಳಿ ನನ್ನ ಹಿಂದೆ ಬಂದು ನಿಂತ. ನಾನು ಅವನ ಹಿಂದೆ ನಿಲ್ಲೋಣವೆಂದು ನೋಡುತ್ತಿದ್ದೆ. ಅಷ್ಟರಲ್ಲಿ ಗುರುಶಾಂತಪ್ಪನವರು ಹೆಗಲ ಮೇಲಿನ ಜರಿ ಶಾಲನ್ನು ತೆಗೆದು, ಟರ್ಪೆಂಟೈನ್ ಡಬ್ಬಿಯಲ್ಲಿ ಅದ್ದಿ, ನೆಟ್ಟಗೆ ಗಾಡಿಯ ಹತ್ತಿರ ನಡೆದರು. ಅದು ಎದ್ದು ನಿಂತು ಹಾರ್ನು ಹೊಡೆದ ರಭಸಕ್ಕೆ ಮರದ ಎಲೆ ಉದುರಿದವು. ಅವರು ಕಣ್ಣು ಮುಚ್ಚಿಕೊಂಡು, ಕೈಗೆ ಸಿಕ್ಕಿದ ಕಡೆ ಉಜ್ಜತೊಡಗಿದರು. ಕೈಗೆ ಮೊದಲು ಸಿಕ್ಕಿದ್ದು ಮೀಸೆ. ಬಲಗಡೆಯದು ಹೋಯಿತು, ಎಡಗಡೆಯದು ಹೋಯಿತು. ಗುಡುಗು ಕೊಂಚ ಇಳಿಯಿತು. ಆಮೇಲೆ ಕೇಸರ, ಹಲ್ಲು, ಪಂಜ. ಒಂದು ಬಾಗಿಲು ಮುಗಿಸಿ, ಆಚೆ ಬಾಗಿಲಿಗೂ ಅವರೇ ಹೋದರು. ಮುಗಿಯುವಷ್ಟರಲ್ಲಿ ಶಾಲು, ಪಂಚೆ, ಅವರ ಸ್ವಂತ ಮೀಸೆ ಎಲ್ಲಾ ಹಳದಿ. ಗಾಡಿ ತಾನು ಯಾರೆಂದು ತಿಳಿಯದೆ ಪೆಚ್ಚಾಗಿ ನಿಂತಿತ್ತು.

ಮೌಲಾಲಿ ಕುಂಚ ಹಿಡಿದು ಕೂತ. "ಕೋಳಿ ಬರೆಯೋಕೆ ನಾನೇ ಬೇಕಿತ್ತಾ? ಇದರ ಕೆಳಗೆ ನನ್ನ ಹೆಸರು ಹಾಕಲ್ಲ ನೋಡಪ್ಪ" ಎಂದು ಗೊಣಗುತ್ತಲೇ ಬರೆದ. ಸಿಂಹಕ್ಕೆ ಅವನು ದಿನಗಟ್ಟಲೆ ತೆಗೆದುಕೊಂಡಿದ್ದ, ಕೋಳಿ ಅವನ ಕೈಯಿಂದ ತಾನಾಗಿಯೇ ಇಳಿದುಬಂತು. ಕಂದು ಮೈ, ಕೆಂಪು ಜುಟ್ಟು, ತುಸು ಉಬ್ಬಿದ ರೆಕ್ಕೆ. ಎರಡನೇ ಬಾಗಿಲಿಗೆ ಕೊನೆಯ ಉಗುರು ಬರೆದು ಅವನು ಕೈ ಎತ್ತಿದ್ದೇ ತಡ, ಗಾಡಿ ಒಮ್ಮೆ ಮೈ ಕೊಡವಿಕೊಂಡಿತು. ಧೂಳೆಲ್ಲ ಹಾರಿತು. ಗುರುಗುಟ್ಟಿಕೊಂಡು ಹೊರಸಿನ ಹತ್ತಿರ ಹೋಗಿ ಹಿಂದಿನ ಬಾಗಿಲು ತೆರೆದು ನಿಂತಿತು.

ಹೊರಟೆವು. ಒಳಗೆ ಅಂಬುಜಾ, ಸುಂದ್ರಾಬಾಯಿ. ಮುಂದೆ ನನ್ನ ಪಕ್ಕ ಹಳದಿ ಬಣ್ಣದ ಅಧ್ಯಕ್ಷರು. ನನ್ನ ಕಣ್ಣು ಮಾತ್ರ ಸೂರ್ಯನ ಮೇಲೆ. ಕೋಳಿಯೇ ಆಗಿದ್ದರೆ ಹೊತ್ತು ಮುಳುಗಿದ ಮೇಲೆ ನಡೆಯುವುದಿಲ್ಲ. ಸುಗ್ಗಿಯ ಕಾಲ ಬೇರೆ, ರಸ್ತೆಯ ಉದ್ದಕ್ಕೂ ಜೋಳ ಹರಡಿದ್ದರು. ಕಂಡಲ್ಲೆಲ್ಲ ನಿಂತು ಕೆದಕುವುದು. ನಾನು "ಹುಶ್, ಹುಶ್" ಎಂದು ಕಿಟಕಿಯಿಂದ ಕೈ ಬೀಸಿ ಎಬ್ಬಿಸುವುದು. ಅಧ್ಯಕ್ಷರು ಮೊದಲು "ಬೇಗ ಚೌಡಪ್ಪ, ಬೇಗ" ಅನ್ನುತ್ತಿದ್ದವರು, ಆಮೇಲಾಮೇಲೆ ತಾವೂ ಆ ಕಡೆಯ ಕಿಟಕಿಯಿಂದ "ಹುಶ್, ಹುಶ್" ಅನ್ನತೊಡಗಿದರು. ಹಿಂದಿನಿಂದ ಅಂಬುಜಾಳ ನರಳಾಟ ಏರುತ್ತಿತ್ತು.

ಕೆಂಪುದಿಬ್ಬದ ನೆತ್ತಿ ಮುಟ್ಟಿದಾಗ ಸೂರ್ಯ ಮುಳುಗಿದ. ದೊಡ್ಡಾಸ್ಪತ್ರೆಯ ದೀಪಗಳು ಕೆಳಗೆ ಕಾಣುತ್ತಿದ್ದವು. ಗಾಡಿ ರಸ್ತೆ ಬಿಟ್ಟು ಇಳಿದು, ಒಂದು ಬೇವಿನಮರದ ಸುತ್ತ ಎರಡು ಸುತ್ತು ಹಾಕಿ, ಕೂತುಬಿಟ್ಟಿತು. ನಾನು ಗೇರು ಎಳೆದೆ, ಕೈ ಮುಗಿದೆ. ಏನೂ ಆಗಲಿಲ್ಲ. ಸುಂದ್ರಾಬಾಯಿ ಹಿಂದಿನಿಂದ, "ಇನ್ನು ಎಲ್ಲಿಗೂ ಹೋಗೋ ಹಾಗಿಲ್ಲ. ಗಂಡಸರು ಇಳೀರಿ" ಎಂದು ಗದರಿದರು. ಇಳಿದೆವು.

ಆ ಹೊತ್ತನ್ನು ನಾನು ಬಣ್ಣಿಸಲಾರೆ. ಗುರುಶಾಂತಪ್ಪನವರು ಮರದ ಬೊಡ್ಡೆಗೆ ಹಣೆ ಹಚ್ಚಿ ನಿಂತಿದ್ದರು. ಒಳಗೆ ಸುಂದ್ರಾಬಾಯಿಯ ದನಿ, "ಈಗ ಬೇಡ... ತಡಿ... ಈಗ, ಈಗ" ಅನ್ನುವುದು. ಮತ್ತೆ ಏನೂ ಕೇಳಿಸದ ಒಂದು ಗಳಿಗೆ. ಗುರುಶಾಂತಪ್ಪನವರು ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು. ಆಮೇಲೆ ಮಗುವಿನ ಅಳು, ಅದರ ಹಿಂದೆಯೇ ಅಂಬುಜಾಳ ನಗುವೋ ಅಳುವೋ ತಿಳಿಯದ ಸದ್ದು. "ಹೆಣ್ಣು ಮಗು! ಇಬ್ಬರೂ ಗಟ್ಟಿಯಾಗಿದ್ದಾರೆ!" ಎಂದು ಸುಂದ್ರಾಬಾಯಿ ಕೂಗಿದರು.

ಗುರುಶಾಂತಪ್ಪನವರು ಓಡಿಹೋಗಿ ಬಾಗಿಲಿಗೆ ಕೈ ಹಾಕಿದರು. ಅಷ್ಟರಲ್ಲಿ ಗಾಡಿ ಎಲ್ಲ ಬಾಗಿಲನ್ನೂ ಬಿಗಿದುಕೊಂಡು, ಮೇಲಿನ ಟಾರ್ಪಾಲು ಉಬ್ಬಿಸಿ, ಮೊದಲಿನ ಎರಡರಷ್ಟು ದಪ್ಪವಾಗಿ ಕೂತಿತ್ತು. ಕೈ ಹಾಕಿದವರಿಗೆ ವೈಪರಿನಿಂದ ಫಟ್ ಅಂತ ಕುಕ್ಕಿತು. ಮರಿ ಮಾಡಿದ ಕೋಳಿಯ ಹತ್ತಿರ ಯಾರು ಹೋಗುತ್ತಾರೆ? ಒಳಗಿದ್ದವರು ಬೆಚ್ಚಗೆ ಮಲಗಿದರು, ನಾವಿಬ್ಬರೂ ಮರದ ಕೆಳಗೆ ಮುದುಡಿಕೊಂಡೆವು.

ಬೆಳಕು ಹರಿಯಿತು. ಗಾಡಿ ಗುರುಗುಟ್ಟಿ ಎದ್ದಿತು. ಆದರೆ ಬಾಗಿಲು ತೆರೆಯಲಿಲ್ಲ. ಹತ್ತಿರ ಹೋದರೆ ಉಬ್ಬುತ್ತದೆ, ದೂರ ಹೋದರೆ ಇಳಿಯುತ್ತದೆ. ಡ್ರೈವರು ನಾನಿಲ್ಲದೆ ಹೊರಡುವ ಹಾಗೂ ಇಲ್ಲ, ನನ್ನನ್ನು ಸೇರಿಸುವ ಹಾಗೂ ಇಲ್ಲ. ಗುರುಶಾಂತಪ್ಪನವರು ಮೊದಲು ಗದರಿದರು. ಆಮೇಲೆ ಪುರಸಭೆಯ ಅಧ್ಯಕ್ಷನಾದ ನಾನು ಎಂದು ಶುರುಮಾಡಿ, ವೈಪರು ಆಡುವುದನ್ನು ನೋಡಿ ನಿಲ್ಲಿಸಿದರು. ಅಂಬುಜಾ ಕಿಟಕಿಯ ಗಾಜು ಒಂಚೂರು ಇಳಿಸಿದಳು. ಮುಖ ಬಾಡಿತ್ತು, ಆದರೆ ನಗುತ್ತಿದ್ದಳು.

"ಹಾಗೆ ನಿಂತ್ಕೊಂಡು ಕೂಗಿದ್ರೆ ಬರ್ತದಾ ಅಪ್ಪಾಜಿ? ಕೋಳಿ ಅದು. ಕೂತ್ಕೊಂಡು ಕರೀರಿ."

ಅವರು ನನ್ನ ಮುಖ ನೋಡಿದರು. ನಾನು ಆಕಾಶ ನೋಡಿದೆ. ಅಷ್ಟು ಹೊತ್ತಿಗೆ ದಾರಿಯಲ್ಲಿ ಜನ ಶುರುವಾಗಿದ್ದರು. ಹೊಲಕ್ಕೆ ಹೊರಟ ಹೆಂಗಸರು ಬುಟ್ಟಿ ಇಳಿಸಿ ನಿಂತರು. ಸಂತೆಯ ಬಸ್ಸು ಬಂದು ನಿಂತಿತು, ಕಿಟಕಿಗಳಿಂದೆಲ್ಲ ತಲೆಗಳು ಹೊರಬಂದವು. ಗುರುಶಾಂತಪ್ಪನವರು ಒಮ್ಮೆ ಆ ತಲೆಗಳ ಕಡೆ ನೋಡಿದರು. ಒಂದೊಂದೂ ಮತ ಹಾಕುವ ತಲೆ. ಆಮೇಲೆ ರಸ್ತೆಯಂಚಿಗೆ ಹೋಗಿ, ಒಣಹಾಕಿದ ರಾಶಿಯಿಂದ ಒಂದು ಹಿಡಿ ಜೋಳ ತೆಗೆದುಕೊಂಡು ಬಂದರು. ಹಳದಿಯಾದ ಪಂಚೆಯನ್ನು ಮೊಣಕಾಲ ಮೇಲಕ್ಕೆ ಎತ್ತಿ ಕಟ್ಟಿ, ಮಣ್ಣಿನಲ್ಲಿ ಕುಕ್ಕರಗಾಲಿನಲ್ಲಿ ಕೂತರು. ಅಂಗೈ ಚಾಚಿದರು.

"ಬಾ... ಬಾ ಬಾ ಬಾ ಬಾ."

ಗಾಡಿ ಒಂದು ಹೆಡ್‌ಲೈಟಿನಿಂದ ನೋಡಿತು, ಮೂತಿ ತಿರುಗಿಸಿ ಇನ್ನೊಂದರಿಂದ ನೋಡಿತು. ಒಂದು ಮಾರು ಮುಂದೆ ಬಂತು, ನಿಂತಿತು.

"ಬಾ ಬಾ ಬಾ ಬಾ. ಬಾರವ್ವ. ಏನೂ ಮಾಡಲ್ಲ. ಬಾ ಬಾ ಬಾ."

ಆ ದನಿಯಲ್ಲಿ ಮೈಕಿನ ವಾಸನೆಯೇ ಇರಲಿಲ್ಲ. ಬಸ್ಸಿನಿಂದ ಒಬ್ಬರು ಇಳಿದು ಬಂದರು. ನೋಡಿದರೆ ವಿರೋಧ ಪಕ್ಷದ ಕೆಂಚಪ್ಪನವರು. ಅವರ ಮುಖದಲ್ಲಿ ಹಬ್ಬದ ಕಳೆ. ಮುಂದಿನ ಚುನಾವಣೆಗೆ ಬೇಕಾದದ್ದೆಲ್ಲ ಒಂದೇ ನೋಟದಲ್ಲಿ ಸಿಕ್ಕಿದ ಹಾಗಿತ್ತು. ಸೊಂಟದ ಮೇಲೆ ಕೈಯಿಟ್ಟು ನಿಂತು, ಎಲ್ಲರಿಗೂ ಕೇಳುವಂತೆ, "ಏನಿದು ಅಧ್ಯಕ್ಷರೇ? ನಡುರಸ್ತೆಯಲ್ಲಿ ಕೂತು ಏನ್ ನಡೆಸಿದ್ದೀರಿ?" ಅಂದರು.

ಗಾಡಿ ಬೆಚ್ಚಿ ಹಿಂದಕ್ಕೆ ಸರಿಯಿತು. ಗುರುಶಾಂತಪ್ಪನವರು ತಲೆ ಎತ್ತಲಿಲ್ಲ, ಚಾಚಿದ ಕೈಯನ್ನು ಹಿಂದಕ್ಕೂ ತೆಗೆದುಕೊಳ್ಳಲಿಲ್ಲ.

"ಕಾಣಲ್ವೇನ್ರಿ? ಕೋಳಿ ಕರೀತಿದ್ದೀನಿ," ಎಂದರು ಮೆಲ್ಲಗೆ. "ಒಳಗೆ ನನ್ನ ಮೊಮ್ಮಗಳು ಇದ್ದಾಳೆ. ಹಾಗೆ ನಿಂತ್ರೆ ಹೆದರ್ತದೆ. ಕೂತ್ಕೊಳ್ರಿ ಕೆಂಚಪ್ಪ."

ಕೆಂಚಪ್ಪನವರು ಸುತ್ತ ನೋಡಿದರು. ನಗಲು ಬಾಯಿ ತೆರೆದರು, ಒಳಗಿಂದ ಮಗುವಿನ ಸಣ್ಣ ಅಳು ಕೇಳಿ ಮುಚ್ಚಿಕೊಂಡರು. ಆಮೇಲೆ ಪಂಚೆ ಎತ್ತಿ ಕಟ್ಟಿ, ಅಧ್ಯಕ್ಷರ ಪಕ್ಕದಲ್ಲೇ ಮಣ್ಣಿನ ಮೇಲೆ ಕೂತರು. ನಾನು ಕೂತೆ. ಬುಟ್ಟಿ ಇಳಿಸಿದ್ದ ಹೆಂಗಸರು ಕೂತರು. ಬಸ್ಸಿನವರೆಲ್ಲ ಒಬ್ಬೊಬ್ಬರಾಗಿ ಇಳಿದು, ಎಲ್ಲಿ ನಿಂತಿದ್ದರೋ ಅಲ್ಲೇ ಕೂತರು. ಗಾಡಿ ಎಲ್ಲರನ್ನೂ ಒಮ್ಮೆ ನೋಡಿತು. ಮೆಲ್ಲನೆ ಬಂದು, ಗುರುಶಾಂತಪ್ಪನವರ ಅಂಗೈಗೆ ಮೂತಿಯಿಟ್ಟು, ಬಾಗಿಲು ತೆರೆಯಿತು.